ದಾರಿಯಲ್ಲೇ ಸೋಲುವ ಹೃದಯ: ಐದು ತಾಲೂಕುಗಳ ಒಂದು ಚರಿತ್ರೆ

"ಎದಿ ಹಿಡಿದಂಗಾತು ಅಂದ್ರು. ದಾವಣಗೇರಿಗೆ ಒಯ್ಯೋದ್ರಾಗ ದಾರ್ಯಾಗ ಹೋಗಿಬಿಟ್ರು."

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸಾವಿನ ಮನೆಗೆ ಮಾತನಾಡಿಸಲು ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತಿದು. ಊರಿನ ಹೆಸರು ಬದಲಾಗುತ್ತದೆ. ಒಮ್ಮೆ ದಾವಣಗೆರೆ, ಒಮ್ಮೆ ಬಳ್ಳಾರಿ, ಇನ್ನೊಮ್ಮೆ ಹೊಸಪೇಟೆ ಅಥವಾ ಹುಬ್ಬಳ್ಳಿ. 'ದಾರ್ಯಾಗ' ಎಂಬುದು ಮಾತ್ರ ಬದಲಾಗುವುದಿಲ್ಲ. ಹಾಗೆ ಹೋದವರ ಕೊನೆಯ ಗಳಿಗೆಗಳನ್ನು ಮನೆಯವರು ವಿವರಿಸುತ್ತಾರೆ: ಮೈ ತಣ್ಣಗಾಗಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು, ಉಸಿರು ಸಾಲುತ್ತಿರಲಿಲ್ಲ, ಕರೆದರೆ ಏನೋ ಒಂದು ಉತ್ತರ ಬರುತ್ತಿತ್ತು. ಇದನ್ನು ನಾವು ಹಣೆಬರಹ ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಈ ಲಕ್ಷಣಗಳೆಲ್ಲ ಒಟ್ಟುಗೂಡಿದ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ. ಅದಕ್ಕೊಂದು ಚರಿತ್ರೆಯಿದೆ, ಚಿಕಿತ್ಸೆಯೂ ಇದೆ. ಆ ಚರಿತ್ರೆಯನ್ನು ನಮ್ಮ ಸೀಮೆಯ ರಸ್ತೆ ಮತ್ತು ಗಡಿಗಳ ಚರಿತ್ರೆಯ ಜೊತೆಗಿಟ್ಟು ಓದಿದರೆ, ಹಣೆಬರಹವೆಂದು ನಾವು ಕರೆದದ್ದರಲ್ಲಿ ಮನುಷ್ಯರು ಬರೆದದ್ದೂ ಬಹಳಷ್ಟಿದೆ ಎಂಬುದು ತಿಳಿಯುತ್ತದೆ.

ಮೂರು ಹೆಸರು, ಮೂರು ಸ್ಥಿತಿ

ಹೃದಯದ ತೊಂದರೆಯನ್ನೆಲ್ಲ ನಾವು 'ಹಾರ್ಟ್ ಅಟ್ಯಾಕ್' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ವಾಸ್ತವದಲ್ಲಿ ಇಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳಿವೆ. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಭಾಗದ ಸ್ನಾಯು ಸಾಯತೊಡಗುವುದು ಹೃದಯಾಘಾತ, ಅಂದರೆ ಹಾರ್ಟ್ ಅಟ್ಯಾಕ್. ಬಡಿತದ ತಾಳ ಕೆಟ್ಟು ಹೃದಯ ಒಮ್ಮೆಲೇ ಕೆಲಸ ನಿಲ್ಲಿಸುವುದು ಹೃದಯ ಸ್ತಂಭನ. ಇಲ್ಲಿ ಮನುಷ್ಯ ಕ್ಷಣದಲ್ಲಿ ಕುಸಿದು ಬೀಳುತ್ತಾನೆ. ಎದೆ ಒತ್ತುವುದು ಮತ್ತು ವಿದ್ಯುತ್ ಆಘಾತ ಕೊಡುವುದು ಬಿಟ್ಟರೆ ಆಗ ಬೇರೆ ದಾರಿಯಿಲ್ಲ.

ಮೂರನೆಯದು ಕಾರ್ಡಿಯೋಜೆನಿಕ್ ಶಾಕ್. ಇಲ್ಲಿ ಹೃದಯ ನಿಂತಿರುವುದಿಲ್ಲ, ಬಡಿಯುತ್ತಲೇ ಇರುತ್ತದೆ. ಆದರೆ ಮೈಗೆ ಬೇಕಾದಷ್ಟು ರಕ್ತವನ್ನು ದೂಡಲು ಅದಕ್ಕೆ ಶಕ್ತಿ ಸಾಲದು. ಮೇಲಿನ ರಕ್ತದೊತ್ತಡ 90ಕ್ಕಿಂತ ಕೆಳಗಿಳಿದು ಅರ್ಧ ಗಂಟೆಯಾದರೂ ಮೇಲೇಳದಿರುವುದು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಬುದ್ಧಿ ಮಂಕಾಗುವುದು ಇದರ ಗುರುತುಗಳು. ಹೃದಯಾಘಾತವಾದ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಇದು ಬರುತ್ತದೆ. ಹಾಗೆ ಬಂದವರಲ್ಲಿ, ಜಗತ್ತಿನ ಒಳ್ಳೆಯ ಆಸ್ಪತ್ರೆಗಳಲ್ಲೂ, ಇಂದಿಗೂ ನೂರಕ್ಕೆ ನಲವತ್ತರಿಂದ ಐವತ್ತು ಮಂದಿ ಉಳಿಯುವುದಿಲ್ಲ.

ನಮ್ಮ ರೈತರಿಗೆ ಇದನ್ನು ಪಂಪ್‌ಸೆಟ್ಟಿನ ಮೂಲಕ ವಿವರಿಸಬಹುದು. ವೋಲ್ಟೇಜ್ ಇಳಿದಾಗ ಮೋಟಾರು ತಿರುಗುತ್ತದೆ, ಆದರೆ ನೀರು ಮೇಲೆ ಬರುವುದಿಲ್ಲ. ಹಾಗೆಯೇ ತಿರುಗಲು ಬಿಟ್ಟರೆ ಕೊನೆಗೆ ಮೋಟಾರೇ ಸುಡುತ್ತದೆ. ಹೃದಯಕ್ಕೂ ರಕ್ತ ಬೇಕು, ಆ ರಕ್ತವನ್ನು ಅದೇ ದೂಡಿಕೊಳ್ಳಬೇಕು. ಒತ್ತಡ ಇಳಿದಂತೆ ಹೃದಯದ ಸ್ನಾಯುವಿಗೆ ಹೋಗುವ ರಕ್ತವೂ ಇಳಿಯುತ್ತದೆ. ಅದರಿಂದ ಇನ್ನಷ್ಟು ಸ್ನಾಯು ಸಾಯುತ್ತದೆ, ಒತ್ತಡ ಇನ್ನಷ್ಟು ಇಳಿಯುತ್ತದೆ. ಹೀಗೆ ಸತ್ತವರ ಹೃದಯಗಳನ್ನು 1970ರ ದಶಕದಲ್ಲಿ ಪರೀಕ್ಷಿಸಿದಾಗ, ಎಡ ಹೃತ್ಕುಕ್ಷಿಯ ಸುಮಾರು ಶೇ. 40 ಅಥವಾ ಅದಕ್ಕಿಂತ ಹೆಚ್ಚು ಸ್ನಾಯು ನಾಶವಾಗಿದ್ದುದು ಕಂಡುಬಂತು. ಈ ನಾಶ ಒಂದೇ ಗಳಿಗೆಯಲ್ಲಿ ಆಗಬೇಕೆಂದಿಲ್ಲ. ಎಷ್ಟೋ ಜನರಲ್ಲಿ ಅದು ಗಂಟೆಗಳ ಕಾಲ ನಡೆಯುತ್ತದೆ. ನಾವು ವಾಹನ ಹುಡುಕುವ, ದುಡ್ಡು ಹೊಂದಿಸುವ, ಪ್ರಯಾಣ ಮಾಡುವ ಗಂಟೆಗಳೂ ಅವೇ.

ಹೃದಯವನ್ನು ಅರಿತ ಬಗೆ

ಹೃದಯ ಸೋತಾಗ ಉಸಿರು ಏಕೆ ಕಟ್ಟುತ್ತದೆ? ಇದಕ್ಕೆ ಉತ್ತರ ಸಿಗಬೇಕಾದರೆ ರಕ್ತದ ದಾರಿ ತಿಳಿದಿರಬೇಕು. ಗ್ರೀಕ್ ವೈದ್ಯ ಗ್ಯಾಲೆನ್‌ನ ಕಾಲದಿಂದಲೂ, ಹೃದಯದ ನಡುಗೋಡೆಯಲ್ಲಿರುವ ಕಾಣದ ರಂಧ್ರಗಳ ಮೂಲಕ ರಕ್ತ ಬಲದಿಂದ ಎಡಕ್ಕೆ ಹೋಗುತ್ತದೆ ಎಂದು ನಂಬಲಾಗಿತ್ತು. ದಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯನಾಗಿದ್ದ ಇಬ್ನುನ್ನಫೀಸ್ 13ನೇ ಶತಮಾನದಲ್ಲಿ, ಇಬ್ನು ಸೀನಾರ ಗ್ರಂಥದ ಶರೀರಶಾಸ್ತ್ರ ಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ ಈ ನಂಬಿಕೆಯನ್ನು ತಳ್ಳಿಹಾಕಿದರು. ನಡುಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶವನ್ನು ಹಾದು ಎಡಭಾಗಕ್ಕೆ ಬರುತ್ತದೆ ಎಂದರು. ಆ ಬರಹವನ್ನು ಈಜಿಪ್ಟಿನ ವೈದ್ಯ ಮುಹ್ಯಿದ್ದೀನ್ ತತಾವಿ 1924ರಲ್ಲಿ ಬರ್ಲಿನ್‌ನ ಗ್ರಂಥಾಲಯದಲ್ಲಿ ಕಂಡು ಮತ್ತೆ ಬೆಳಕಿಗೆ ತಂದರು. ಇಡೀ ದೇಹದ ರಕ್ತಪರಿಚಲನೆಯನ್ನು ವಿವರಿಸಿದ ಕೀರ್ತಿ 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಗೆ ಸಂದಿತು.

ಶ್ವಾಸಕೋಶದ ದಾರಿ ತಿಳಿದ ಮೇಲೆ ಉಸಿರುಕಟ್ಟುವಿಕೆಯ ಕಾರಣ ಸ್ಪಷ್ಟವಾಗುತ್ತದೆ. ಎಡ ಹೃದಯ ಮುಂದಕ್ಕೆ ದೂಡದಿದ್ದಾಗ ರಕ್ತ ಹಿಂದೆ ಶ್ವಾಸಕೋಶದಲ್ಲಿ ತಡೆದು ನಿಲ್ಲುತ್ತದೆ, ಅಲ್ಲಿ ನೀರು ಒಸರುತ್ತದೆ. ರೋಗಿ ಮಲಗಲಾರದೆ ಎದ್ದು ಕೂರುತ್ತಾನೆ.

ಹೃದಯದ ನಾಳ ಹಠಾತ್ತಾಗಿ ಮುಚ್ಚಿದರೆ ತಕ್ಷಣ ಸಾವು ಖಚಿತ ಎಂಬುದು 20ನೇ ಶತಮಾನದ ಆರಂಭದವರೆಗೂ ಇದ್ದ ಅಭಿಪ್ರಾಯ. 1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್, ಹಾಗಲ್ಲ, ಗಂಟೆಗಟ್ಟಲೆ, ದಿನಗಟ್ಟಲೆ ಬದುಕಬಹುದು, ಗುಣವೂ ಆಗಬಹುದು ಎಂದು ಬರೆದರು. ಬದುಕುವ ಗಂಟೆಗಳಿವೆ ಎಂದಾದರೆ ಚಿಕಿತ್ಸೆಗೂ ಅವಕಾಶವಿದೆ ಎಂದಾಯಿತು. ಅಮೆರಿಕದ ಆಲ್‌ಫ್ರೆಡ್ ಬ್ಲೇಲಾಕ್ 1930ರ ದಶಕದಲ್ಲಿ 'ಶಾಕ್' ಎಂಬ ಸ್ಥಿತಿಯನ್ನು ಕಾರಣಕ್ಕೆ ತಕ್ಕಂತೆ ವಿಂಗಡಿಸಿದಾಗ, ರಕ್ತ ಸೋರಿ ಬರುವ ಶಾಕ್ ಬೇರೆ, ಹೃದಯ ಸೋತು ಬರುವ ಶಾಕ್ ಬೇರೆ ಎಂಬುದು ನಿಚ್ಚಳವಾಯಿತು. ಮೊದಲನೆಯದಕ್ಕೆ ದ್ರವ ತುಂಬಬೇಕು. ಎರಡನೆಯದಕ್ಕೆ ಹಾಗೆ ತುಂಬಿದರೆ ರೋಗಿ ಒಳಗೇ ಮುಳುಗಬಹುದು.

ಅಲ್ಲಿ 1967, ಇಲ್ಲಿ ನಾವು

1967ರಲ್ಲಿ ನ್ಯೂಯಾರ್ಕ್‌ನಲ್ಲಿ ಎರಡು ಸಂಗತಿಗಳು ನಡೆದವು. ಥಾಮಸ್ ಕಿಲಿಪ್ ಮತ್ತು ಜಾನ್ ಕಿಂಬಾಲ್ ಎಂಬ ವೈದ್ಯರು, ಆಗಷ್ಟೇ ಆರಂಭವಾಗುತ್ತಿದ್ದ ಹೃದಯ ತೀವ್ರ ನಿಗಾ ಘಟಕದಲ್ಲಿ 250 ರೋಗಿಗಳನ್ನು ಗಮನಿಸಿ ಅವರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ನಾಲ್ಕನೆಯ ದರ್ಜೆ, ಅಂದರೆ ಶಾಕ್‌ಗೆ ಹೋದವರಲ್ಲಿ, ನೂರಕ್ಕೆ 81 ಮಂದಿ ತೀರಿಕೊಂಡರು. ನಿಗಾ ಘಟಕ ಬಡಿತದ ತಾಳ ತಪ್ಪಿದವರನ್ನು ಉಳಿಸುತ್ತಿತ್ತು, ಶಕ್ತಿ ಸೋತ ಹೃದಯದ ಮುಂದೆ ಅದು ಅಸಹಾಯಕವಾಗಿತ್ತು. ಅದೇ ವರ್ಷ ಬ್ರೂಕ್ಲಿನ್‌ನಲ್ಲಿ ಏಡ್ರಿಯನ್ ಕ್ಯಾಂಟ್ರೋವಿಟ್ಜ್, ಶಾಕ್‌ನಲ್ಲಿದ್ದ ಒಬ್ಬ ಮಹಿಳೆಯ ಮಹಾಧಮನಿಯೊಳಗೆ ಬಲೂನನ್ನು ಇರಿಸಿ, ಹೃದಯದ ಬಡಿತಕ್ಕೆ ಸರಿಯಾಗಿ ಅದನ್ನು ಉಬ್ಬಿಸಿ ಇಳಿಸಿ ಆಕೆಯನ್ನು ಬದುಕಿಸಿದರು.

ಆಗ ನಮ್ಮ ಸೀಮೆ ಹೇಗಿತ್ತು? 1953ರ ಅಕ್ಟೋಬರ್ 1ರವರೆಗೆ ಈ ತಾಲೂಕುಗಳು ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯ ಪಶ್ಚಿಮದ ಅಂಚು. ಸ್ವಾತಂತ್ರ್ಯಕ್ಕೆ ಮೊದಲು ಹರಪನಹಳ್ಳಿಯಿಂದ ದಕ್ಷಿಣಕ್ಕೆ ದಾವಣಗೆರೆಯ ದಾರಿ ಹಿಡಿದರೆ ಮೈಸೂರು ಅರಸರ ರಾಜ್ಯ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಉತ್ತರಕ್ಕೆ ಹೊಳೆಯಾಚೆ ಕೊಪ್ಪಳದ ಕಡೆ ನಿಜಾಮರ ಆಡಳಿತ. ಒಂದು ದಿನದ ಬಂಡಿ ದಾರಿಯಲ್ಲಿ ನಾಲ್ಕು ಸರ್ಕಾರಗಳು! ನಾವು ಎಲ್ಲರಿಗೂ ಅಂಚು, ಯಾರಿಗೂ ನಡುವಲ್ಲ. ಜಿಲ್ಲಾ ಕೇಂದ್ರ ಬಳ್ಳಾರಿ ಹಡಗಲಿ, ಹರಪನಹಳ್ಳಿಗಳಿಂದ ನೂರು ಕಿಲೋಮೀಟರ್‌ಗೂ ದೂರ. ಬರ, ಕಾಲರಾ, ಪ್ಲೇಗುಗಳ ಆ ಕಾಲದಲ್ಲಿ ದವಾಖಾನೆಯ ಕೆಲಸವೆಂದರೆ ಜ್ವರ, ಗಾಯ, ಭೇದಿ ಮತ್ತು ಲಸಿಕೆ.

ವೈದ್ಯಕೀಯ ಕಾಲೇಜುಗಳು ಬಂದದ್ದು ಈ ಅಂಚಿನ ಸುತ್ತ. ಹುಬ್ಬಳ್ಳಿಯಲ್ಲಿ 1957, ಬಳ್ಳಾರಿಯಲ್ಲಿ 1961, ದಾವಣಗೆರೆಯಲ್ಲಿ 1965. ಮೂರೂ ನಮ್ಮ ಹಿರಿಯರಿಗೆ ದೊಡ್ಡ ಆಸರೆಯಾದವು. ಆದರೆ ಮೂರೂ ನಮ್ಮಿಂದ ದೂರವಿದ್ದವು. 'ದೊಡ್ಡ ದವಾಖಾನಿ' ಎಂದರೆ ಬೇರೆ ಊರಿನಲ್ಲಿರುವುದು ಎಂಬ ಅರ್ಥ ಅಂದೇ ನಮ್ಮ ಮಾತಿನಲ್ಲಿ ಸೇರಿಕೊಂಡಿತು.

ನಾಳ ತೆರೆಯುವ ವಿದ್ಯೆ

ಬಲೂನು ಹೃದಯಕ್ಕೆ ಊರುಗೋಲಾಯಿತೇ ಹೊರತು ರೋಗದ ಮೂಲವನ್ನು ಮುಟ್ಟಲಿಲ್ಲ. ಮೂಲವಿದ್ದದ್ದು ಮುಚ್ಚಿದ ನಾಳದಲ್ಲಿ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್, ತೊಡೆಯ ನಾಳದಿಂದ ತೂರಿಸಿದ ಪುಟ್ಟ ಬಲೂನಿನಿಂದ ಹೃದಯದ ಇಕ್ಕಟ್ಟಾದ ನಾಳವನ್ನು ಅಗಲಿಸಿದರು. ಇದೇ ಆಂಜಿಯೋಪ್ಲಾಸ್ಟಿ. ಇನ್ನೊಂದೆಡೆ, ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಎಂಬ ಚುಚ್ಚುಮದ್ದು ಹೃದಯಾಘಾತದ ಸಾವುಗಳನ್ನು ತಗ್ಗಿಸುತ್ತದೆ ಎಂಬುದನ್ನು ಇಟಲಿಯಲ್ಲಿ ಸುಮಾರು 12 ಸಾವಿರ ರೋಗಿಗಳ ಮೇಲೆ ನಡೆದ ಅಧ್ಯಯನ 1986ರಲ್ಲಿ ತೋರಿಸಿತು. ಎರಡು ವರ್ಷಗಳ ನಂತರ 17,187 ರೋಗಿಗಳ ಮತ್ತೊಂದು ಅಧ್ಯಯನ, ಅಗ್ಗದ ಆಸ್ಪಿರಿನ್ ಮಾತ್ರೆಯೂ ಜೀವ ಉಳಿಸುತ್ತದೆಂದು ಸಾಬೀತುಪಡಿಸಿತು. ಸ್ಟ್ರೆಪ್ಟೋಕೈನೇಸ್ ತಯಾರಿಸುವ ತಂತ್ರವನ್ನು ಚಂಡೀಗಢದ ಸರ್ಕಾರಿ ಸಂಶೋಧನಾ ಸಂಸ್ಥೆ ಇಮ್‌ಟೆಕ್ ನಮ್ಮ ದೇಶದಲ್ಲೇ ಅಭಿವೃದ್ಧಿಪಡಿಸಿತು.

ಆದರೂ ಶಾಕ್‌ಗೆ ಹೋದ ರೋಗಿಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಅಷ್ಟು ಬಳಲಿದವರಿಗೆ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಮಾಡುವುದು ಸರಿಯೇ? ಮೊದಲು ಔಷಧಿಗಳಿಂದ ಸ್ಥಿರಗೊಳಿಸಬೇಕೇ? ಜೂಡಿತ್ ಹಾಕ್‌ಮನ್ ನೇತೃತ್ವದಲ್ಲಿ 302 ರೋಗಿಗಳ ಮೇಲೆ ನಡೆದ ಅಧ್ಯಯನ 1999ರಲ್ಲಿ ಉತ್ತರ ನೀಡಿತು. ಮೊದಲ ತಿಂಗಳಲ್ಲಿ ಎರಡು ಗುಂಪುಗಳ ವ್ಯತ್ಯಾಸ ಖಚಿತವಾಗಿ ಹೇಳುವಷ್ಟು ದೊಡ್ಡದಿರಲಿಲ್ಲ. ಆದರೆ ಆರು ತಿಂಗಳ ಹೊತ್ತಿಗೆ, ಕೂಡಲೇ ನಾಳ ತೆರೆದವರಲ್ಲಿ ಶೇ. 50.3 ಮಂದಿ ಸತ್ತಿದ್ದರೆ, ಮೊದಲು ಔಷಧಿ ಪಡೆದವರಲ್ಲಿ ಶೇ. 63.1 ಮಂದಿ ಸತ್ತಿದ್ದರು. ನೂರಕ್ಕೆ ಹೆಚ್ಚುಕಡಿಮೆ ಹದಿಮೂರು ಜೀವ! ಅಂದಿನಿಂದ ಕಾರ್ಡಿಯೋಜೆನಿಕ್ ಶಾಕ್‌ನ ಮೊದಲ ಚಿಕಿತ್ಸೆ ಎಂದರೆ ಮುಚ್ಚಿದ ನಾಳವನ್ನು ಆದಷ್ಟು ಬೇಗ ತೆರೆಯುವುದು.

'ಆದಷ್ಟು ಬೇಗ' ಎಂಬ ಮಾತು ಬಂದೊಡನೆ ಈ ಚರಿತ್ರೆ ನ್ಯೂಯಾರ್ಕ್, ಜ್ಯೂರಿಕ್‌ಗಳಿಂದ ನೇರವಾಗಿ ನಮ್ಮ ಊರ ಬಸ್ ನಿಲ್ದಾಣಕ್ಕೆ ಬರುತ್ತದೆ.

ಗಡಿ ಬರೆದ ಹಣೆಬರಹ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರು ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ದೊಡ್ಡ ಹೃದಯಾಘಾತವಾದವರು ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ತಿಂಗಳೊಳಗೆ ಸತ್ತವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಇದು ನಗರದ ಆಸ್ಪತ್ರೆಗಳನ್ನು ತಲುಪಿದವರ ಲೆಕ್ಕ. ತಲುಪದೆ ದಾರಿಯಲ್ಲೇ ಹೋದವರು ಈ ಲೆಕ್ಕದಲ್ಲಿಲ್ಲ.

2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ ಆರಂಭವಾದಾಗ ದಾರಿಯ ಕಷ್ಟ ಒಂದಿಷ್ಟು ಕಡಿಮೆಯಾಯಿತು. ಖರ್ಚಿನ ಕಷ್ಟ ಉಳಿದಿತ್ತು. 2010ರಲ್ಲಿ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಜಾರಿಗೆ ತಂದಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಇದರ ಉದ್ದೇಶ. ಮೊದಲು ಆರಂಭವಾದದ್ದು ಗುಲ್ಬರ್ಗಾ ವಿಭಾಗದಲ್ಲಿ. ಬಳ್ಳಾರಿ ಜಿಲ್ಲೆ ಆ ವಿಭಾಗದಲ್ಲಿದ್ದುದರಿಂದ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳಿಗೆ ಅದು ಸಿಕ್ಕಿತು. ಕೊಟ್ಟೂರು ಆಗ ಕೂಡ್ಲಿಗಿ ತಾಲೂಕಿನಲ್ಲೇ ಇತ್ತು.

ಹರಪನಹಳ್ಳಿಯ ಕಥೆ ಬೇರೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಲಾಗಿತ್ತು. ದಾವಣಗೆರೆ ಇರುವುದು ಬೆಂಗಳೂರು ವಿಭಾಗದಲ್ಲಿ. ಆದ್ದರಿಂದ ಯೋಜನೆ ಅಲ್ಲಿಗೆ ವಿಸ್ತರಣೆಯಾಗುವವರೆಗೆ ಹರಪನಹಳ್ಳಿಯ ಬಡವರು ಕಾಯಬೇಕಾಯಿತು. ಒಂದೇ ಹೊಲದ ಬದುವಿನ ಈಚೆ ಇದ್ದವನಿಗೆ ಉಚಿತ ಚಿಕಿತ್ಸೆ, ಆಚೆ ಇದ್ದವನಿಗೆ ಇಲ್ಲ.

ಇಂಥ ಗಡಿ ಏನು ಮಾಡುತ್ತದೆ ಎಂಬುದನ್ನು ಸಂಶೋಧಕರು ಅಳೆದಿದ್ದಾರೆ. ಯೋಜನೆ ಬಂದಿದ್ದ ಉತ್ತರ ಕರ್ನಾಟಕದ 300 ಹಳ್ಳಿಗಳನ್ನು, ಗಡಿಯಾಚೆ ಯೋಜನೆಯಿಲ್ಲದ 272 ಹಳ್ಳಿಗಳೊಂದಿಗೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವಿನ ಪ್ರಮಾಣ, ಬಡ ಕುಟುಂಬಗಳಲ್ಲಿ, ಯೋಜನೆಯಿದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಆ ಕಾಯಿಲೆಗಳಲ್ಲಿ ಹೆಚ್ಚಿನವು ಹೃದಯ ಮತ್ತು ಕ್ಯಾನ್ಸರಿಗೆ ಸೇರಿದವು. ಸ್ಥಿತಿವಂತ ಕುಟುಂಬಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ಬಗೆಯ ಊರು, ಒಂದೇ ಬಗೆಯ ಬಡತನ, ನಡುವೆ ಒಂದು ಗೆರೆ. ಸಾವಿನಲ್ಲಿ ಇಷ್ಟು ಅಂತರ!

ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿ, ಹೈದರಾಬಾದ್ ಕರ್ನಾಟಕಕ್ಕಿರುವ 371-ಜೆ ವಿಧಿಯ ಸೌಲಭ್ಯಕ್ಕೆ ಒಳಪಟ್ಟಿತು. 2021ರಲ್ಲಿ ಐದೂ ತಾಲೂಕುಗಳು ಹೊಸಪೇಟೆಯ ಜೊತೆ ವಿಜಯನಗರ ಜಿಲ್ಲೆಯಾದವು. ಇಷ್ಟೆಲ್ಲ ಗೆರೆ ಎಳೆದು ಅಳಿಸಿದರೂ ಎದೆ ಹಿಡಿದುಕೊಂಡ ಹರಪನಹಳ್ಳಿಯವನು ಹಿಡಿಯುವ ದಾರಿ ಇಂದಿಗೂ ನಲವತ್ತು ಕಿಲೋಮೀಟರ್ ಆಚೆಯ ದಾವಣಗೆರೆಯದೇ. ಜೀವ ಜಿಲ್ಲೆಯ ಹೆಸರು ನೋಡುವುದಿಲ್ಲ, ಹತ್ತಿರವಿರುವುದನ್ನು ನೋಡುತ್ತದೆ.

ಇಂದಿನ ಚಿಕಿತ್ಸೆ

ಶಾಕ್‌ನಲ್ಲಿರುವ ರೋಗಿ ಸಜ್ಜಾದ ಆಸ್ಪತ್ರೆ ತಲುಪಿದರೆ ಮೊದಲು ಇಸಿಜಿ, ಬಳಿಕ ಹೃದಯದ ಎಕೋ ಪರೀಕ್ಷೆ ಮಾಡುತ್ತಾರೆ. ಉಸಿರಿಗೆ ಆಮ್ಲಜನಕ, ಅಗತ್ಯವಿದ್ದರೆ ವೆಂಟಿಲೇಟರ್. ಬಿದ್ದ ಒತ್ತಡವನ್ನು ಎತ್ತಲು ಸಾಮಾನ್ಯವಾಗಿ ನಾರ್‌ಅಡ್ರಿನಲಿನ್ ಎಂಬ ಔಷಧಿ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಡೋಪಮಿನ್‌ನಿಂದ ಇಂಥ ರೋಗಿಗಳಲ್ಲಿ ಸಾವು ಹೆಚ್ಚೆಂದು 2010ರ ಒಂದು ಅಧ್ಯಯನ ಸೂಚಿಸಿತು. ಇದರ ಜೊತೆಗೇ ರೋಗಿಯನ್ನು ಕ್ಯಾಥ್ ಲ್ಯಾಬ್‌ಗೆ ಒಯ್ದು ಮುಚ್ಚಿದ ನಾಳವನ್ನು ತೆರೆಯುತ್ತಾರೆ. ಆ ಹೊತ್ತಿನಲ್ಲಿ ಎಲ್ಲ ನಾಳಗಳಿಗೂ ಕೈಹಾಕದೆ, ತೊಂದರೆ ಕೊಟ್ಟ ಒಂದನ್ನು ಮಾತ್ರ ತೆರೆಯುವುದು ಮೇಲು ಎಂದು 2017ರಲ್ಲಿ ತಿಳಿದುಬಂತು.

ಯಂತ್ರಗಳ ವಿಷಯದಲ್ಲಿ ವೈದ್ಯಶಾಸ್ತ್ರ ತನ್ನ ನಂಬಿಕೆಯನ್ನೇ ತಿದ್ದಿಕೊಂಡಿದೆ. ಕ್ಯಾಂಟ್ರೋವಿಟ್ಜ್‌ರ ಬಲೂನ್ ಪಂಪನ್ನು ನಾಲ್ಕು ದಶಕಗಳ ಕಾಲ ಬಳಸಿದ ಮೇಲೆ, 2012ರಲ್ಲಿ ಜರ್ಮನಿಯ 600 ರೋಗಿಗಳ ಅಧ್ಯಯನ ಅದರಿಂದ ಸಾವು ತಗ್ಗುವುದಿಲ್ಲವೆಂದು ತೋರಿಸಿತು. ರಕ್ತವನ್ನು ಹೊರತೆಗೆದು ಆಮ್ಲಜನಕ ಬೆರೆಸಿ ಮರಳಿಸುವ ಎಕ್ಮೋ ಯಂತ್ರವನ್ನು ಎಲ್ಲರಿಗೂ ಹಾಕುವುದರಿಂದಲೂ ಲಾಭವಿಲ್ಲವೆಂದು 2023ರಲ್ಲಿ ಗೊತ್ತಾಯಿತು. ಹೃದಯದೊಳಗೇ ಇರಿಸುವ ಪುಟ್ಟ ಪಂಪೊಂದು, ಆಯ್ದ ರೋಗಿಗಳಲ್ಲಿ, ಆರು ತಿಂಗಳ ಸಾವನ್ನು ಶೇ. 58.5ರಿಂದ 45.8ಕ್ಕೆ ಇಳಿಸಿದ್ದು 2024ರಲ್ಲಿ ವರದಿಯಾಯಿತು. ಆದರೆ ಅದು ದುಬಾರಿ, ಅದರಿಂದ ರಕ್ತಸ್ರಾವದಂಥ ಅಪಾಯಗಳೂ ಹೆಚ್ಚು. ಒಟ್ಟಿನಲ್ಲಿ ಬೆಲೆಬಾಳುವ ಯಂತ್ರಗಳಲ್ಲಿ ಹಲವು ಸೋತವು. 1999ರ ಪಾಠ, ಅಂದರೆ ಬೇಗ ನಾಳ ತೆರೆಯುವುದು, ಇಂದಿಗೂ ನಿಂತಿದೆ.

ಇಲ್ಲಿ ನಮ್ಮ ಊರುಗಳ ಎರಡು ರೂಢಿಗಳನ್ನು ಹೇಳಲೇಬೇಕು. ಸುಸ್ತು, ಬೆವರು ಎಂದೊಡನೆ 'ಒಂದು ಸಲಾಯಿನ್ ಹಚ್ರಿ' ಎಂದು ಮನೆಯವರೇ ಒತ್ತಾಯಿಸುತ್ತಾರೆ. ಇಸಿಜಿ ನೋಡದೆ ಬಾಟಲಿ ಏರಿಸಿದರೆ, ಸೋತ ಹೃದಯದ ಹಿಂದೆ ಶ್ವಾಸಕೋಶದಲ್ಲಿ ನೀರು ಇನ್ನಷ್ಟು ತುಂಬಬಹುದು. ಕೆಲವು ಬಗೆಯ ಹೃದಯಾಘಾತದಲ್ಲಿ ದ್ರವ ಬೇಕಾಗುವುದೂ ಉಂಟು, ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ಇನ್ನೊಂದು, ಪಕ್ಕದ ಮನೆಯವರ ನಾಲಿಗೆಯಡಿ ಇಡುವ ಮಾತ್ರೆಯನ್ನು ಇವರಿಗೂ ಇಡುವುದು. ಆ ಮಾತ್ರೆ ಒತ್ತಡವನ್ನು ಇಳಿಸುತ್ತದೆ. ಮೊದಲೇ ಒತ್ತಡ ಬಿದ್ದವರಿಗೆ ಅದು ಅಪಾಯ. ಎದೆಯುರಿಯನ್ನು 'ಗ್ಯಾಸ್' ಎಂದು ಸೋಡಾ ಕುಡಿಸಿ ಬೆಳಗಾಗಲಿ ಎಂದು ಕಾಯುವುದಂತೂ ಎಲ್ಲಕ್ಕಿಂತ ದೊಡ್ಡ ತಪ್ಪು.

ತಾಲೂಕು ದವಾಖಾನೆಯ ಹೊಣೆ

ಐದು ತಾಲೂಕುಗಳಲ್ಲೂ ಕ್ಯಾಥ್ ಲ್ಯಾಬ್ ಬರುವವರೆಗೆ ಕೈಕಟ್ಟಿ ಕೂರಬೇಕೇ? ಬೇಕಿಲ್ಲ ಎಂದು ನೆರೆಯ ತಮಿಳುನಾಡು ತೋರಿಸಿದೆ. ಅಲ್ಲಿ ಸಣ್ಣ ಆಸ್ಪತ್ರೆಗಳನ್ನು ಕ್ಯಾಥ್ ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿ, ಸಣ್ಣ ಆಸ್ಪತ್ರೆಯಲ್ಲೇ ಇಸಿಜಿ ಮತ್ತು ಹೆಪ್ಪು ಕರಗಿಸುವ ಮದ್ದು ಕೊಟ್ಟು ಮುಂದಕ್ಕೆ ಕಳಿಸುವ ಪ್ರಯೋಗ ನಡೆಯಿತು. 2,420 ರೋಗಿಗಳ ಆ ಅಧ್ಯಯನದಲ್ಲಿ ಒಂದು ವರ್ಷದ ಸಾವು ಶೇ. 17.6ರಿಂದ 14.2ಕ್ಕೆ ಇಳಿಯಿತು. ನಮ್ಮ ಕರಾವಳಿಯಲ್ಲಿ ಮಂಗಳೂರಿನ ಡಾ. ಪದ್ಮನಾಭ ಕಾಮತ್ 2018ರಿಂದ ಹಳ್ಳಿಗಳಿಗೆ ಇಸಿಜಿ ಯಂತ್ರಗಳನ್ನು ತಲುಪಿಸಿ, ವಾಟ್ಸಪ್ ಮೂಲಕ ತಜ್ಞರು ಅವನ್ನು ಓದುವಂತೆ ಮಾಡಿದರು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡಾಗ ನಾಡು ಬೆಚ್ಚಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ರೂಪುಗೊಂಡಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದಿ ಹೇಳುವುದು, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು ಇದರ ತಿರುಳು. 2025ರಲ್ಲಿ ಹಾಸನದ ಸಾವುಗಳ ಚರ್ಚೆಯ ನಂತರ ಇದನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಘೋಷಿಸಿತು. ಶಾಕ್‌ಗೆ ಹೋದ ಮೇಲೆ ಈ ಮದ್ದಿನ ಬಲ ಕಡಿಮೆ. ಶಾಕ್‌ಗೆ ಹೋಗುವ ಮೊದಲೇ ಅದು ಸಿಕ್ಕಿದರೆ ಎಷ್ಟೋ ಹೃದಯಗಳು ಆ ಹಂತ ಮುಟ್ಟುವುದೇ ಇಲ್ಲ. ತಾಲೂಕು ದವಾಖಾನೆಯ ಮಹತ್ವ ಇರುವುದು ಇಲ್ಲಿಯೇ.

ಆದ್ದರಿಂದ ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಸರಳ. ರಾತ್ರಿ ಎರಡು ಗಂಟೆಗೆ ಬಂದರೂ ಹತ್ತು ನಿಮಿಷದಲ್ಲಿ ಇಸಿಜಿ ತೆಗೆಯುವವರಿದ್ದಾರೆಯೇ? ಮದ್ದು ಕಪಾಟಿನಲ್ಲಿದೆಯೇ? ಮುಂದೆ ಕಳಿಸುವಾಗ, ಆ ಹೊತ್ತಿಗೆ ಕ್ಯಾಥ್ ಲ್ಯಾಬ್ ತೆರೆದಿರುವ ಆಸ್ಪತ್ರೆ ಯಾವುದೆಂದು ಫೋನು ಮಾಡಿ ತಿಳಿದು ಕಳಿಸುತ್ತಾರೆಯೇ, ಅಥವಾ 'ದೊಡ್ಡ ದವಾಖಾನಿಗೆ ಒಯ್ಯಿರಿ' ಎಂದಷ್ಟೇ ಹೇಳುತ್ತಾರೆಯೇ? ಪಂಚಾಯಿತಿ, ಮಠ, ಮಸೀದಿ, ಸ್ತ್ರೀಶಕ್ತಿ ಸಂಘಗಳ ಗೋಡೆಯ ಮೇಲೆ ಎದೆನೋವಿನ ಲಕ್ಷಣಗಳನ್ನೂ 108 ಸಂಖ್ಯೆಯನ್ನೂ ಬರೆಸಲು ಯಾವ ಬಜೆಟ್ಟೂ ಬೇಕಿಲ್ಲ.

ನಾಲ್ಕು ಸರ್ಕಾರಗಳ ಅಂಚಿನಲ್ಲಿದ್ದ ನಮ್ಮ ಸೀಮೆಗೆ ಈಗ ತನ್ನದೇ ಜಿಲ್ಲೆಯಿದೆ. ಜಿಲ್ಲೆ ಎಂದರೆ ಕಚೇರಿಯ ಕಟ್ಟಡವಷ್ಟೇ ಅಲ್ಲ. ಎದೆ ಹಿಡಿದುಕೊಂಡ ಹಡಗಲಿಯ ಹೂವಾಡಿಗನೂ ಕೊಟ್ಟೂರಿನ ಹಮಾಲಿಯೂ ಮದ್ದು ಸಿಗುವ ಬಾಗಿಲನ್ನು ಉಸಿರಿರುವಾಗಲೇ ಮುಟ್ಟುವಂತಾಗಬೇಕು. ಮುಂದಿನ ಸಲ ಸಾವಿನ ಮನೆಯಲ್ಲಿ 'ದಾರ್ಯಾಗ ಹೋಗಿಬಿಟ್ರು' ಎಂಬ ಮಾತು ಕಿವಿಗೆ ಬಿದ್ದಾಗ, ಎಷ್ಟು ಹೊತ್ತಿಗೆ ನೋವು ಬಂತು, ಎಷ್ಟು ಹೊತ್ತಿಗೆ ಇಸಿಜಿ ಆಯಿತು ಎಂದು ಮೆಲ್ಲಗೆ ಕೇಳೋಣ. ಆ ಎರಡು ಸಮಯಗಳ ನಡುವಿನ ಅಂತರವನ್ನು ತಗ್ಗಿಸುವುದು ನಮ್ಮ ಕೈಯಲ್ಲೂ ಇದೆ.